ತಂಬಾಕು ಬಿಟ್ಟಿದ್ದೆ, ಅಡಿಕೆ ಬಿಟ್ಟಿರಲಿಲ್ಲ

ಗುಟ್ಕಾ ಬಿಟ್ಟು ಬರೀ ಪಾನ್ ಮಸಾಲಕ್ಕೆ ಬಂದಿದ್ದೀರಿ. ಇನ್ನು ಕ್ಯಾನ್ಸರ್ ಬಾರದ ಹಾಗೆ ಅರಿಶಿನ ಒಳ್ಳೆಯದಾ, ಗ್ರೀನ್ ಟೀ ಒಳ್ಳೆಯದಾ ಅಂತ ಕೇಳಿದ್ದೀರಿ. ನಿಮ್ಮ ಜಾಗದಲ್ಲಿ ನಾನು ನಾಲ್ಕು ವರ್ಷ ಇದ್ದೆ.

ನಮ್ಮದು ಚನ್ನಗಿರಿ ಕಡೆ ಅಡಿಕೆ ತೋಟದ ಮನೆ. ಗುಟ್ಕಾ ಕಲಿತದ್ದು ದಾವಣಗೆರೆ ಹಾಸ್ಟೆಲಿನಲ್ಲಿ, ಪರೀಕ್ಷೆಗೆ ನಿದ್ದೆಗೆಡಲಿಕ್ಕೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ನಮ್ಮ ಬೀದಿಯ ಅಂಗಡಿಯವನು ಎರಡು ಪಾಕೀಟು ಕೊಡತೊಡಗಿದ, ಒಂದು ಮಸಾಲದ್ದು, ಒಂದು ತಂಬಾಕಿನದು. ಬೆರೆಸಿದರೆ ಹಳೇ ಗುಟ್ಕಾನೇ. ಹೆಂಡತಿ ಆಗ ಬಸುರಿ. ತಂಬಾಕಿನ ಪಾಕೀಟು ಬೇಡ ಅಂದೆ, ಮಸಾಲ ಉಳಿಸಿಕೊಂಡೆ.

ನಾನು ಕೆಟ್ಟದ್ದು ಅಲ್ಲೇ. ನಿಷೇಧ ಆಗಿದ್ದು ತಂಬಾಕು ಬೆರೆತದ್ದಕ್ಕೆ, ಹಾಗಾಗಿ ಉಳಿದದ್ದು ನಿರಪಾಯ ಅಂತ ಲೆಕ್ಕ ಹಾಕಿದೆ. ಉಳಿದದ್ದು ಅಡಿಕೆ ತಾನೆ? ತಾಂಬೂಲಕ್ಕೆ ಇಡುವಂಥದ್ದು, ಅದರ ದುಡ್ಡಲ್ಲೇ ನಾನು ಓದಿದ್ದು. ನಮ್ಮಜ್ಜಿ ಎಂಬತ್ತು ದಾಟಿದ ಮೇಲೂ ಎಲೆಯಡಿಕೆ ಕುಟ್ಟಿಸಿಕೊಂಡು ಹಾಕುತ್ತಿದ್ದಳು. ತಂಬಾಕಿನ ಹೆದರಿಕೆ ಇದ್ದಾಗ ದಿನಕ್ಕೆ ಐದೇ ಅಂತ ಎಣಿಸುತ್ತಿದ್ದೆ. ಹೆದರಿಕೆ ಹೋದ ಮೇಲೆ ಎಣಿಕೆಯೂ ಹೋಯಿತು, ಹನ್ನೆರಡಕ್ಕೆ ಬಂದು ನಿಂತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದವುಗಳ ಗುಂಪಿಗೆ, ಸೇರಿಸಿ 2004ರಲ್ಲೇ ಪ್ರಕಟಿಸಿತ್ತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ತೋಟದವರು ಇದಕ್ಕೆ ಬೇಜಾರಾಗುತ್ತಾರೆ, ಗೊತ್ತು. ನಾನೂ ತೋಟದವನೇ.

2017ರಲ್ಲಿ ಬೆಣ್ಣೆ ದೋಸೆಯ ಚಟ್ನಿ ಬಾಯಿಗೆ ಕೆಂಡದ ಹಾಗೆ ತಾಗತೊಡಗಿತು. ಉಷ್ಣ ಅಂದುಕೊಂಡು ಮಜ್ಜಿಗೆ ಕುಡಿದೆ, ಬಿ ಕಾಂಪ್ಲೆಕ್ಸ್ ನುಂಗಿದೆ. ಆಮೇಲೆ ಮುದ್ದೆಯ ತುತ್ತು ಬಾಯೊಳಗೆ ಹೋಗದಾಯಿತು, ಮಗಳ ತುತ್ತಿನಷ್ಟು ಸಣ್ಣದು ಮುರಿದುಕೊಳ್ಳುತ್ತಿದ್ದೆ. ಹಲ್ಲಿನ ಡಾಕ್ಟರು "ಬಾಯಿ ಅಗಲ ತೆಗೀರಿ" ಅಂದರು. "ತೆಗೆದಿದ್ದೀನಿ ಸಾರ್" ಅಂದೆ. ಮೂರು ಬೆರಳು ಜೋಡಿಸಿ ಉದ್ದುದ್ದ ಹಲ್ಲಿನ ನಡುವೆ ಇಟ್ಟುಕೊಳ್ಳಿ ಅಂದರು. ಎರಡೂ ಸರಿಯಾಗಿ ಹಿಡಿಸಲಿಲ್ಲ. ಕೆನ್ನೆಯ ಒಳಗೆಲ್ಲ ಬಿಳಿಚಿಕೊಂಡು, ಮುಟ್ಟಿದರೆ ಹುರಿಯ ಹಾಗೆ ಗಟ್ಟಿ. ಸಬ್‌ಮ್ಯೂಕಸ್ ಫೈಬ್ರೋಸಿಸ್, ಅಡಿಕೆ ಜಗಿದು ಬಾಯೊಳಗಿನ ಪದರ ಗಟ್ಟಿಯಾಗಿ ಬಾಯಿ ತೆರೆಯದಾಗುವ ಕಾಯಿಲೆ. ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರಿಗೆ ತಿರುಗಬಹುದಾದದ್ದು. ಬಯಾಪ್ಸಿ ವರದಿ ಬರುವ ತನಕ ಮಗಳನ್ನು ಎತ್ತಿಕೊಳ್ಳಲೂ ಧೈರ್ಯ ಬರಲಿಲ್ಲ.

ಅಂದೇ ಮಸಾಲ ಬಿಟ್ಟೆ. ಕೆನ್ನೆಗೆ ಇಂಜೆಕ್ಷನ್ ಆಯಿತು. ಈಗಲೂ ದಿನಾ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಹಲ್ಲಿನ ನಡುವೆ ತೂರಿಸಿ ಬಾಯಿ ಹಿಗ್ಗಿಸುತ್ತೇನೆ. ಆರು ತಿಂಗಳಿಗೊಮ್ಮೆ ತಪಾಸಣೆ.

ಅದಕ್ಕೇ ಹೇಳುತ್ತೇನೆ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಸೊಪ್ಪು ತರಕಾರಿ ತಿನ್ನಿ, ನಡೆಯಿರಿ, ನಾನೂ ಮಾಡುತ್ತೇನೆ. ಆದರೆ ಕೆನ್ನೆಯಲ್ಲಿ ಮಸಾಲ ಇಟ್ಟುಕೊಂಡು ಅರಿಶಿನದ ಹಾಲು ಕುಡಿದರೆ ಏನೂ ತೊಳೆದು ಹೋಗುವುದಿಲ್ಲ. ಸ್ವೀಟ್ ಸುಪಾರಿಗೆ ಬದಲಾಯಿಸುತ್ತೇನೆ ಅನ್ನಬೇಡಿ, ಅದೂ ಅಡಿಕೆಯೇ. ಚಟ ಬಿಡಲು ಆಗದಿದ್ದರೆ 1800-11-2356ಕ್ಕೆ ಫೋನ್ ಮಾಡಿ, ಸರ್ಕಾರದ್ದು, ದುಡ್ಡು ಬೇಡ. ಮೂವತ್ತು ದಾಟಿದ್ದರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ಬಾಯಿ ತಪಾಸಣೆ ಮಾಡುತ್ತಾರೆ. ಎರಡು ವಾರದಲ್ಲಿ ಮಾಯದ ಹುಣ್ಣಿದ್ದರೆ ನನ್ನ ಹಾಗೆ ಮಾತ್ರೆ ನುಂಗುತ್ತಾ ಕೂರಬೇಡಿ.

ಈಗಲೇ ಕನ್ನಡಿ ಮುಂದೆ ನಿಂತು ಮೂರು ಬೆರಳು ಇಟ್ಟು ನೋಡಿ. ಹಿಡಿಸದಿದ್ದರೆ ನಾಳೆಯೇ ಡಾಕ್ಟರ ಹತ್ತಿರ ಹೋಗಿ.