ಕ್ವೇಸಾರ್ ಇಷ್ಟು ಬೇಗ ಬದಲಾಗುವುದು ಹೇಗೆ?

ಪ್ರಶ್ನೆ: ಅಷ್ಟು ದೂರದ ಕ್ವೇಸಾರ್‌ನ ರೇಡಿಯೊ ಕಾಂತಿ ಕೆಲವೇ ತಿಂಗಳಲ್ಲಿ ಏರಿಳಿಯುತ್ತದಂತೆ. ಹೇಗೆ ಸಾಧ್ಯ ಸರ್?
— ಬಿ.ಎಸ್‌ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ತರಗತಿಯಲ್ಲಿ ನಾನು ಅತಿ ಖುಷಿಯಿಂದ ಪಾಠ ಮಾಡುತ್ತಿದ್ದ ವಿಷಯ ಕೇಳಿದ್ದೀರಿ! ಕ್ವೇಸಾರ್ ಎಂದರೆ ದೂರದ ಗ್ಯಾಲಕ್ಸಿಯ ನಡುವೆ, ದೈತ್ಯ ಕಪ್ಪುಕುಳಿಯ ಸುತ್ತ ಉಜ್ವಲವಾಗಿ ಬೆಳಗುವ ಕೇಂದ್ರ. ಸುಮಾರು 240 ಕೋಟಿ ಜ್ಯೋತಿರ್ವರ್ಷ ದೂರದ 3ಸಿ 273 ಎಂಬ ಕ್ವೇಸಾರ್‌ನ ರೇಡಿಯೊ ಏರಿಳಿತವನ್ನು ಖಗೋಳವಿಜ್ಞಾನಿ ವಿಲಿಯಂ ಡೆಂಟ್ 1965ರಲ್ಲೇ ಪ್ರಕಟಿಸಿದರು. ಬೆಳಕಿಗಿಂತ ಬೇಗ ಯಾವ ಬದಲಾವಣೆಯೂ ಹರಡದು. ಆದ್ದರಿಂದ ಕೆಲವೇ ತಿಂಗಳಲ್ಲಿ ಬದಲಾಗುವ ಭಾಗ, ಬೆಳಕು ಅಷ್ಟು ತಿಂಗಳಲ್ಲಿ ದಾಟಬಲ್ಲಷ್ಟೇ ಪುಟ್ಟದು: ಇಡೀ ಗ್ಯಾಲಕ್ಸಿಯಲ್ಲ, ಕಪ್ಪುಕುಳಿಯ ಬಳಿಯ ಜೆಟ್‌ನ (ಅಲ್ಲಿಂದ ಚಿಮ್ಮುವ ಕಣಗಳ ಧಾರೆಯ) ಬುಡ. (ಜೆಟ್ ನಮ್ಮತ್ತಲೇ ಧಾವಿಸುತ್ತಿದ್ದರೆ ಈ ಲೆಕ್ಕ ತುಸು ಸಡಿಲವಾಗುತ್ತದೆ.)

ರೋಹಿತ, ಅಂದರೆ ಬೇರೆ ಬೇರೆ ಆವರ್ತಾಂಕಗಳಲ್ಲಿ ಕಾಂತಿಯ ಹಂಚಿಕೆ, ಇನ್ನೂ ಸೊಗಸು. ಹೊಸದಾಗಿ ಚಿಮ್ಮಿದ ಎಲೆಕ್ಟ್ರಾನ್ ಮೋಡ ದಟ್ಟವಾಗಿದ್ದು, ತನ್ನದೇ ಕಡಿಮೆ ಆವರ್ತಾಂಕದ ಅಲೆಗಳನ್ನು ನುಂಗಿಬಿಡುತ್ತದೆ, ಹಿಗ್ಗಿದಂತೆ ತಿಳಿಯಾಗುತ್ತದೆ. ಹಾಗಾಗಿ ಕಾಂತಿಯ ಉಬ್ಬರ ಮೊದಲು ಹೆಚ್ಚಿನ ಆವರ್ತಾಂಕದಲ್ಲಿ ಕಾಣುತ್ತದೆ; ಕಡಿಮೆ ಆವರ್ತಾಂಕದಲ್ಲಿ ತಡವಾಗಿ, ಸಾಮಾನ್ಯವಾಗಿ ಮಂಕಾಗಿ. ಎರಡರ ನಕ್ಷೆಯನ್ನೂ ಒಂದೇ ಹಾಳೆಯಲ್ಲಿ ಬಿಡಿಸಿ ನೋಡಿ.