ಅವಮಾನ ಆಗಿದ್ದು ನಿಜಾನಾ? ಅದರ ಹಿಂದಿನ ವಾಕ್ಯ ಕೇಳಿ

ಪ್ರಶ್ನೆ: ಚುನಾವಣೆ ಬಂದರೆ ಸಾಕು, "ಹೆಣ್ಣಿಗೆ ಅವಮಾನ ಮಾಡಿದರು" ಅಂತ ಎಲ್ಲ ಪಕ್ಷದವರೂ ಕೂಗುತ್ತಾರೆ. ಒಂದೊಂದು ಸಲ ನಿಜ ಅನಿಸುತ್ತದೆ, ಒಂದೊಂದು ಸಲ ಸುಮ್ನೆ ನಾಟಕ ಅನಿಸುತ್ತದೆ. ಗುರುತಿಸುವುದು ಹೇಗೆ? (ಓದುಗರು, ಶಿವಮೊಗ್ಗ)

ಉತ್ತರ: ಒಳ್ಳೆಯ ಪ್ರಶ್ನೆ. ನಮ್ಮ ಪಕ್ಷಗಳ ಜಗಳದಲ್ಲಿ ನಮಗೆಲ್ಲ ಒಂದಲ್ಲ ಒಂದು ಕಡೆ ಒಲವಿರುತ್ತದೆ, ಅಲ್ವಾ? ಅದಕ್ಕೇ ಸ್ವಲ್ಪ ದೂರದ ಒಂದು ಪ್ರಕರಣ ನೋಡೋಣ.

2008ರ ಅಮೆರಿಕ ಚುನಾವಣೆ. ರಿಪಬ್ಲಿಕನ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ ಸಾರಾ ಪೇಲಿನ್. ಸೆಪ್ಟೆಂಬರ್ 3ರಂದು ಪಕ್ಷದ ಸಮಾವೇಶದಲ್ಲಿ ಅವರು ಒಂದು ಜೋಕ್ ಹೇಳಿದರು: ಹಾಕಿ ಆಡೋ ಮಕ್ಕಳ ಅಮ್ಮಂದಿರಿಗೂ ಪಿಟ್‌ಬುಲ್ ನಾಯಿಗೂ ಏನು ವ್ಯತ್ಯಾಸ ಗೊತ್ತಾ, ಲಿಪ್‌ಸ್ಟಿಕ್! ಆರು ದಿನ ಬಿಟ್ಟು ಎದುರಾಳಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಬರಾಕ್ ಒಬಾಮಾ ವರ್ಜೀನಿಯಾದಲ್ಲಿ ಮಾತಾಡುತ್ತಾ, ರಿಪಬ್ಲಿಕನ್ ಅಧ್ಯಕ್ಷ ಅಭ್ಯರ್ಥಿ ಜಾನ್ ಮೆಕೇನ್ ಬದಲಾವಣೆ ತರುತ್ತೇನೆ ಅಂತಾರೆ, ಆದರೆ ಆರ್ಥಿಕ ನೀತಿ, ತೆರಿಗೆ, ಆರೋಗ್ಯ, ವಿದೇಶಾಂಗ ಎಲ್ಲದರಲ್ಲೂ ಆಗಿನ ಅಧ್ಯಕ್ಷ ಬುಷ್ ದಾರಿಯೇ ಅಂತ ಒಂದೊಂದಾಗಿ ಎಣಿಸಿ, ಹಂದಿಗೆ ಲಿಪ್‌ಸ್ಟಿಕ್ ಹಚ್ಚಿದರೂ ಅದು ಹಂದಿಯೇ ಅಂದರು. ಅಲ್ಲಿ ಅದು ಎಲ್ಲರೂ ಬಳಸುವ ಗಾದೆ. ಮೆಕೇನ್ ಅವರೇ 2007ರಲ್ಲಿ, ಒಬಾಮಾ ಪಕ್ಷದಲ್ಲೇ ಅಧ್ಯಕ್ಷ ಅಭ್ಯರ್ಥಿಯಾಗಲು ಸ್ಪರ್ಧಿಸಿದ್ದ ಹಿಲರಿ ಕ್ಲಿಂಟನ್ ಅವರ ಆರೋಗ್ಯ ಯೋಜನೆಗೆ ಇದೇ ಮಾತು ಹೇಳಿದ್ದರು.

ಆದರೂ ಮೆಕೇನ್ ತಂಡ ಗಂಟೆಗಳಲ್ಲೇ ಕ್ಷಮೆ ಕೇಳಿ ಅಂತ ಪಟ್ಟು ಹಿಡಿಯಿತು. ಒಬಾಮಾ ಪೇಲಿನ್ ಅವರನ್ನೇ ಹಂದಿ ಅಂದರು ಅನ್ನೋದು ಅವರ ಆರೋಪ. ಇಂಟರ್ನೆಟ್‌ಗೆ ಒಂದು ಜಾಹೀರಾತನ್ನೂ ಬಿಟ್ಟರು. ಅದನ್ನು ಕಟ್ಟಿದ ರೀತಿ ನೋಡಿ. ಒಬಾಮಾ ಮಾತಿನಿಂದ ನೀತಿಗಳ ಪಟ್ಟಿ ಮಾಯ, ಹಂದಿ ಮಾತ್ರ ಉಳಿಯಿತು. ಕೊನೆಗೆ ಸಿಬಿಎಸ್ ವಾಹಿನಿಯ ಕೇಟಿ ಕುರಿಕ್ ಬಂದು, ಅಮೆರಿಕದಲ್ಲಿ ಹೆಣ್ಣನ್ನು ಕೀಳಾಗಿ ಕಾಣೋದು ಇನ್ನೂ ನಡೆದೇ ಇದೆ ಎಂಬರ್ಥದ ಮಾತು ಹೇಳುತ್ತಾರೆ. ಆದರೆ ಕುರಿಕ್ ಅದನ್ನು ಹೇಳಿದ್ದು ಪೇಲಿನ್ ಬಗ್ಗೆ ಅಲ್ಲ, ಹಿಲರಿ ಬಗ್ಗೆ! ಸಿಬಿಎಸ್ ಆಕ್ಷೇಪ ಎತ್ತಿದ ಮೇಲೆ ಯೂಟ್ಯೂಬ್ ಆ ಜಾಹೀರಾತು ತೆಗೆಯಿತು.

ನನಗೆ ಜಾಸ್ತಿ ಸಿಟ್ಟು ತರಿಸೋದು ಇದೇ. ಹಿಲರಿ ಅನುಭವಿಸಿದ್ದು ನಿಜವಾದ ಅವಮಾನ. ನ್ಯೂ ಹ್ಯಾಂಪ್‌ಶೈರ್ ಸಭೆಯಲ್ಲಿ "ನನ್ನ ಅಂಗಿ ಇಸ್ತ್ರಿ ಮಾಡು" ಅಂತ ಗಂಡಸರು ಅವರ ಮುಖಕ್ಕೇ ಕೂಗಿದ್ದರು. 2007ರಲ್ಲಿ ಮೆಕೇನ್ ಸಭೆಯಲ್ಲೇ ಒಬ್ಬರು ಹಿಲರಿಯನ್ನು ಕೆಟ್ಟ ಬೈಗುಳದಿಂದ ಕರೆದು, ಅವಳನ್ನು ಸೋಲಿಸೋದು ಹೇಗೆ ಅಂತ ಕೇಳಿದಾಗ ಮೆಕೇನ್ ನಕ್ಕು, ಒಳ್ಳೆ ಪ್ರಶ್ನೆ ಅಂದಿದ್ದರು. ಹಿಲರಿಯನ್ನು ಗೌರವಿಸುತ್ತೇನೆ ಅಂತಲೂ ಸೇರಿಸಿದರು, ಸರಿ. ಆದರೆ ಬೈಗುಳಕ್ಕೆ ಬೇಡ ಅನ್ನಲಿಲ್ಲ. ಅದೇ ತಂಡ ವರ್ಷ ತುಂಬುವ ಮೊದಲೇ ಹಿಲರಿಯ ನೋವಿಗೆ ಸೇರಿದ ಮಾತನ್ನು ಕತ್ತರಿಸಿ ತನ್ನ ಪ್ರಚಾರಕ್ಕೆ ಅಂಟಿಸಿಕೊಂಡಿತು.

ಪೇಲಿನ್ ಅವರಿಗೆ ಅನ್ಯಾಯ ಆಗಲೇ ಇಲ್ಲ ಅಂತಲ್ಲ. ಐದು ಮಕ್ಕಳ ತಾಯಿ, ಕೈಗೂಸು ಬೇರೆ, ಈ ಕೆಲಸ ನಿಭಾಯಿಸುತ್ತಾರಾ ಅಂತ ಕೇಳಿದವರಿದ್ದರು. ಗಂಡಸು ಅಭ್ಯರ್ಥಿಗೆ ಯಾರೂ ಹಾಗೆ ಕೇಳೋದಿಲ್ಲ. ದೂರಲು ಅಲ್ಲಿ ನ್ಯಾಯವಾದ ಕಾರಣ ಇತ್ತು. ಆದರೆ ಹಂದಿಯ ಗಲಾಟೆ ಆದ ಮೇಲೆ ಅವರ ಯಾವ ದೂರನ್ನು ಕೇಳಿದರೂ ಜನಕ್ಕೆ ಅನುಮಾನ.

ಹಾಗಾಗಿ ವಿಡಿಯೊ ತುಣುಕು ಬಂದರೆ ಅದರ ಹಿಂದಿನ ಒಂದು ನಿಮಿಷ ಹುಡುಕಿ ಕೇಳಿ. ಮಾತು ಆಕೆಯ ಕೆಲಸ, ನೀತಿ, ಭರವಸೆಯ ಮೇಲಿದೆಯಾ ಅಥವಾ ಆಕೆ ಹೆಣ್ಣು ಅನ್ನೋದರ ಮೇಲಿದೆಯಾ? ದೂರು ಕೊಟ್ಟವರು ತಮ್ಮ ಪಕ್ಷದವರು ಹೀಗೇ ಮಾತಾಡಿದಾಗ ಬಾಯಿ ಬಿಟ್ಟಿದ್ದರಾ?

ಹಾಗಂತ ಎಲ್ಲ ದೂರನ್ನೂ ನಾಟಕ ಅಂತ ತಳ್ಳಿಹಾಕಬೇಡಿ. ನಮ್ಮ ದಾವಣಗೆರೆಯನ್ನೇ ನೋಡಿ. 2024ರ ಲೋಕಸಭಾ ಚುನಾವಣೆ ಹೊತ್ತಲ್ಲಿ ಕಾಂಗ್ರೆಸ್ ಶಾಸಕ ಶಾಮನೂರು ಶಿವಶಂಕರಪ್ಪ ಅವರು ಬಿಜೆಪಿ ಅಭ್ಯರ್ಥಿ ಗಾಯತ್ರಿ ಸಿದ್ದೇಶ್ವರ ಅವರಿಗೆ ಅಡುಗೆಮನೆಯಲ್ಲಿ ಅಡುಗೆ ಮಾಡೋದಷ್ಟೇ ಗೊತ್ತು ಎಂಬರ್ಥದಲ್ಲಿ ಮಾತಾಡಿದರು. ಆ ಕ್ಷೇತ್ರದ ಕಾಂಗ್ರೆಸ್ ಅಭ್ಯರ್ಥಿ ಅವರ ಸೊಸೆ ಪ್ರಭಾ ಮಲ್ಲಿಕಾರ್ಜುನ್, ಗೆದ್ದವರೂ ಅವರೇ. ಇಲ್ಲಿ ಹಿಂದಿನ ವಾಕ್ಯ ಕೇಳಿದರೂ ಮುಂದಿನ ವಾಕ್ಯ ಕೇಳಿದರೂ ಅರ್ಥ ಬದಲಾಗೋದಿಲ್ಲ. ಗಾಯತ್ರಿ ಅವರು ಬೇಸರಪಟ್ಟದ್ದು ನೂರಕ್ಕೆ ನೂರು ಸರಿ, ನೀವು ಯಾವ ಪಕ್ಷಕ್ಕೆ ವೋಟ್ ಹಾಕುವವರಾದರೂ.