ಗೋಡೆ ಬಿಳಿಯಾದ ಆ ಎರಡು ದಿನ

ಓದುಗರೊಬ್ಬರ ಪತ್ರದ ಸಾರ: “ಮೂರು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಉದ್ದನೆಯ ಕಾಂಪೌಂಡ್ ಗೋಡೆಯ ಮೇಲೆ ನಲವತ್ತು ಜನ ಸೇರಿ ಎರಡೇ ದಿನಗಳಲ್ಲಿ ದೊಡ್ಡ ಚಿತ್ರ ಬರೆದೆವು. ಹೊರಗಿನಿಂದ ಬಂದ ಕಲಾವಿದರು ಮೊದಲೇ ಗೆರೆ ಎಳೆದು ಒಂದೊಂದು ಭಾಗಕ್ಕೂ ಸಂಖ್ಯೆ ಕೊಟ್ಟಿದ್ದರು. ನಾವು ಸಂಖ್ಯೆ ನೋಡಿ ಬಣ್ಣ ತುಂಬಿದೆವು, ಫೋಟೊ ತೆಗೆಸಿಕೊಂಡೆವು. ಎರಡನೆಯ ಮಳೆಗಾಲಕ್ಕೆ ಬಣ್ಣ ಹಕ್ಕಳೆ ಎದ್ದಿತು. ಕಳೆದ ತಿಂಗಳು ಗೋಡೆಯ ಮಾಲೀಕರು ಅದಕ್ಕೆ ಬಿಳಿ ಬಣ್ಣ ಹೊಡೆಸಿದರು. ಅವರು ವಯಸ್ಸಾದವರು, ಯಾರೂ ತಕರಾರು ತೆಗೆಯಲಿಲ್ಲ. ಗೋಡೆ ಬಿಳಿಯಾದದ್ದು ಎರಡು ದಿನ ನನಗೇ ಗೊತ್ತಾಗಲಿಲ್ಲ. ಈಗ ಸಂಘದವರು ಮತ್ತೆ ಬರೆಸೋಣ ಎನ್ನುತ್ತಿದ್ದಾರೆ. ಏನು ಬರೆಸಬೇಕೆಂಬುದರಲ್ಲಿ ಎರಡು ಗುಂಪಾಗಿದೆ. ಬೀದಿ ಚಂದವಾದರೆ ಬಾಡಿಗೆ ಏರುತ್ತದೆಂದು ಬಾಡಿಗೆಗಿರುವ ಒಬ್ಬರಿಗೆ ಭಯ. ಇಷ್ಟೆಲ್ಲ ಶ್ರಮ ಮತ್ತೆ ಬೇಕೆ?”

ಪ್ರಿಯ ಓದುಗರೇ,

ಬೇಕು. ಆದರೆ ಕಳೆದ ಸಲ ಎಲ್ಲಿಂದ ಆರಂಭಿಸಿದಿರೋ ಅಲ್ಲಿಂದ ಆರಂಭಿಸಬೇಡಿ.

ಬಣ್ಣ ಎದ್ದುಹೋದ ಗೋಡೆಗಳ ಬಗ್ಗೆ ಬೇಸರಪಟ್ಟು ಬರೆಯುವವರು ಇದ್ದಾರೆ. ‘ಎರಡು ದಿನ ನನಗೇ ಗೊತ್ತಾಗಲಿಲ್ಲ’ ಎಂದು ಬರೆಯಲು ಪ್ರಾಮಾಣಿಕತೆ ಬೇಕು. ನಲವತ್ತು ಜನ ಕೈಯಾರೆ ಬಣ್ಣ ಹಚ್ಚಿದ ಗೋಡೆ ಅಳಿಸಿಹೋದಾಗ ಒಬ್ಬರ ಕರುಳಾದರೂ ಚುರುಕ್ಕೆನ್ನಬೇಕಿತ್ತು. ಎನ್ನಲಿಲ್ಲ. ಏಕೆಂಬುದನ್ನು ನೀವೇ ಬರೆದಿದ್ದೀರಿ: ‘ಸಂಖ್ಯೆ ನೋಡಿ ಬಣ್ಣ ತುಂಬಿದೆವು.’ ಏಳನೆಯ ಸಂಖ್ಯೆಗೆ ನೀಲಿ ಹಚ್ಚಿದವರಿಗೆ ಆ ನೀಲಿ ನದಿಯೋ ಆಕಾಶವೋ ಯಾರದೋ ಸೆರಗೋ ಎಂದು ತಿಳಿಯುವ ಅಗತ್ಯವೇ ಇರಲಿಲ್ಲ. ನಿಮ್ಮ ಕೈಗಳನ್ನು ಕರೆದರು, ನಿಮ್ಮ ಮಾತನ್ನು ಕೇಳಲಿಲ್ಲ.

ನಾನೂ ಒಮ್ಮೆ ಅಂಥದೊಂದು ಗೋಡೆಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಹಳದಿ ಹಚ್ಚಿದ್ದೇನೆ. ಅಂದು ನಿಜಕ್ಕೂ ಸಂತೋಷಪಟ್ಟಿದ್ದೆ. ಆದರೆ ಅದು ಯಾವುದರ ಚಿತ್ರವೆಂದು ಈಗ ಕೇಳಿದರೆ ಹೇಳಲಾರೆ, ಹಳದಿಯೊಂದೇ ನೆನಪಿದೆ.

ಕೂಡಿ ಚಿತ್ರ ಬರೆಯುವ ಕೆಲಸದಲ್ಲಿ ಕುಂಚ ಕಡೆಗೆ ಬರುತ್ತದೆ. ಅಮೆರಿಕದ ಸ್ಯಾನ್ ಡಿಯಾಗೊ ನಗರದ ಬ್ಯಾರಿಯೊ ಲೋಗನ್ ಬಡಾವಣೆಯನ್ನು ನೋಡಿ. ಹೆದ್ದಾರಿಯೂ ದೊಡ್ಡ ಸೇತುವೆಯೊಂದೂ ಆ ಬಡಾವಣೆಯನ್ನು ಸೀಳಿಕೊಂಡು ಹೋದವು. ಸೇತುವೆಯ ಅಡಿಯ ಜಾಗ ಉದ್ಯಾನಕ್ಕೆಂದು ಜನ ನಂಬಿದ್ದರು. ಅಲ್ಲಿ ಹೆದ್ದಾರಿ ಪೊಲೀಸರ ಠಾಣೆ ಕಟ್ಟಲು ಬುಲ್ಡೋಜರುಗಳು ಬಂದವು. 1970ರ ಏಪ್ರಿಲ್ 22ರಂದು ನಿವಾಸಿಗಳು ಅವುಗಳಿಗೆ ಅಡ್ಡ ನಿಂತರು. ಹನ್ನೆರಡು ದಿನ ಜಾಗ ಬಿಟ್ಟು ಕದಲಲಿಲ್ಲ, ಗಿಡ ನೆಟ್ಟರು, ಕೊನೆಗೆ ಉದ್ಯಾನವನ್ನು ಪಡೆದರು. ಇಂದು ಚಿಕಾನೊ ಪಾರ್ಕ್ ಎಂದು ಹೆಸರಾದ ಆ ಜಾಗದಲ್ಲಿ ಸೇತುವೆಯ ಕಂಬಗಳ ಮೇಲೆ ಭಿತ್ತಿಚಿತ್ರಗಳು ಮೂಡತೊಡಗಿದ್ದು 1973ರಲ್ಲಿ. ಬಣ್ಣದ ಡಬ್ಬಿ ತೆರೆಯುವ ಹೊತ್ತಿಗೆ ಆ ಕಂಬಗಳು ಯಾರವು ಎಂಬುದು ತೀರ್ಮಾನವಾಗಿ ಮೂರು ವರ್ಷವಾಗಿತ್ತು. ದಶಕಗಳ ನಂತರ ಚಿತ್ರಗಳನ್ನು ದುರಸ್ತಿ ಮಾಡುವ ಕಾಲ ಬಂದಾಗ ಹಳೆಯ ಕಲಾವಿದರಲ್ಲಿ ಹಲವರು ಮರಳಿ ಬಂದು ಸಾರುವೆ ಹತ್ತಿದರು.

ನಿಮ್ಮ ಬಡಾವಣೆಯಲ್ಲಿ ಬುಲ್ಡೋಜರಿಗೆ ಅಡ್ಡ ನಿಲ್ಲುವ ಸಂದರ್ಭ ಬಾರದಿರಲಿ. ಆದರೆ ಬಣ್ಣಕ್ಕೆ ಮೊದಲು ಆಗಬೇಕಾದ ಕೆಲಸ ಎಲ್ಲ ಕಡೆಯೂ ಇದೆ. ಲಾಸ್ ಏಂಜಲೀಸಿನಲ್ಲಿ ಕಲಾವಿದೆ ಜೂಡಿ ಬಾಕಾ ಅದನ್ನು ಮಾಡಿದ ರೀತಿ ನನಗೆ ಬಹಳ ಇಷ್ಟ. ಪ್ರವಾಹದ ನೀರು ಹರಿದುಹೋಗಲು ಕಟ್ಟಿದ ಕಾಂಕ್ರೀಟ್ ಕಾಲುವೆಯ ಗೋಡೆಯ ಮೇಲೆ ಅವರ ನೇತೃತ್ವದಲ್ಲಿ 1976ರಲ್ಲಿ ಆರಂಭವಾದ ಚಿತ್ರ 1983ರ ಹೊತ್ತಿಗೆ ಸುಮಾರು 840 ಮೀಟರ್ ಉದ್ದವಾಯಿತು. ಐದು ಬೇಸಿಗೆಗಳ ಕೆಲಸ ಅದು. ಬರೆದವರು ನಾನೂರಕ್ಕೂ ಹೆಚ್ಚು ಹದಿಹರೆಯದವರು. ಅವರಲ್ಲಿ ಬಾಲಾಪರಾಧದ ಪ್ರಕರಣಗಳಲ್ಲಿ ಸಿಕ್ಕಿಕೊಂಡಿದ್ದ ಮಕ್ಕಳೂ ಇದ್ದರು. ಆದರೆ ಆ ಮಕ್ಕಳ ಕೈಗೆ ನೇರವಾಗಿ ಬ್ರಷ್ ಕೊಟ್ಟು ನಿಲ್ಲಿಸಲಿಲ್ಲ. ಇತಿಹಾಸ ಬಲ್ಲವರನ್ನು ಕರೆಸಿದರು, ಆ ಕಾಲವನ್ನು ಕಂಡುಂಡ ಹಿರಿಯರಿಂದ ಕೇಳಿ ತಿಳಿದರು. ಪಠ್ಯಪುಸ್ತಕ ಬಿಟ್ಟುಬಿಟ್ಟ ಸಂಗತಿಗಳು ಹೀಗೆ ಗೋಡೆಗೆ ಬಂದವು: ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀ ಮೂಲದ ಅಮೆರಿಕನ್ನರನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದು, ಮನೆ ಕಳೆದುಕೊಂಡ ಬಡಾವಣೆಗಳು, ಎಲ್ಲಿಂದಲೋ ವಲಸೆ ಬಂದು ದುಡಿದವರು. ಅಂಥ ಗೋಡೆಯ ಒಂದು ಗೇಣು ಅಳಿದರೂ ಬರೆದವರಿಗೆ ಗೊತ್ತಾಗದೆ ಇರುತ್ತದೆಯೆ?

ಆದ್ದರಿಂದ ಮೊದಲ ಎರಡು ಮೂರು ತಿಂಗಳು ಬಣ್ಣದ ಮಾತೇ ಬೇಡ. ಗೋಡೆಯ ಎದುರೇ ಸೇರಿ. ಸಂಘದ ಕೋಣೆಯಲ್ಲಿ ಸಭೆ ಕರೆದರೆ ಯಾವಾಗಲೂ ಮಾತಾಡುವವರೇ ಅಲ್ಲೂ ಮಾತಾಡುತ್ತಾರೆ. ಗೋಡೆಯ ಪಕ್ಕದಲ್ಲಿ ದಿನವೂ ನಡೆದುಹೋಗುವವರು, ಬೆಳಗ್ಗೆ ಬೀದಿ ಗುಡಿಸುವವರು, ಶಾಲೆಯ ಬಸ್ಸಿಗೆ ಕಾಯುವ ಮಕ್ಕಳು, ರಾತ್ರಿ ಕಾವಲು ಕೂರುವವರು ಸಭೆಗೆ ಬರುವುದಿಲ್ಲ. ಅವರ ಬಳಿಗೆ ನೀವೇ ಹೋಗಬೇಕು. ‘ಏನು ಚಿತ್ರ ಬೇಕು?’ ಎಂದು ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ ಹೂವು, ಹಕ್ಕಿ, ಸೂರ್ಯೋದಯ ಎನ್ನುತ್ತಾರೆ. ‘ಇಲ್ಲಿ ಮೊದಲು ಏನಿತ್ತು? ಯಾರಿದ್ದರು? ಈ ಬೀದಿಯಲ್ಲಿ ನಿಮಗೆ ಮರೆಯಲಾಗದ್ದು ಏನು?’ ಎಂದು ಕೇಳಿ ನೋಡಿ. ಕಡಿದುಹಾಕಿದ ಮರವೊಂದರ ಹೆಸರು ಹತ್ತು ಜನರ ಬಾಯಲ್ಲಿ ಬಂದರೆ ನಿಮ್ಮ ಚಿತ್ರ ಅಲ್ಲಿಂದಲೇ ಹುಟ್ಟಬಹುದು. ಕಲಾವಿದರೂ ಈ ಮಾತುಕತೆಗಳಲ್ಲಿ ಇರಬೇಕು. ಇಷ್ಟು ಪುರುಸೊತ್ತು ಇಲ್ಲದ ಕಲಾವಿದರು ಎಷ್ಟೇ ಪ್ರತಿಭಾವಂತರಾದರೂ ಈ ಕೆಲಸಕ್ಕೆ ತಕ್ಕವರಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅವರು ಕೊಡುವ ಈ ಸಮಯಕ್ಕೂ ಸಂಭಾವನೆ ಸಲ್ಲಬೇಕು.

ಎರಡು ಗುಂಪಾಗಿದೆ ಎಂದು ಅಳುಕಿನಿಂದ ಬರೆದಿದ್ದೀರಿ. ನನಗೆ ಅದು ಒಳ್ಳೆಯ ಸುದ್ದಿ. ಕಳೆದ ಸಲ ಒಂದು ಗುಂಪೂ ಇರಲಿಲ್ಲ. ಫಿಲಡೆಲ್ಫಿಯಾದಲ್ಲಿ 1984ರಲ್ಲಿ ಗೋಡೆಗೀಚುಗಳನ್ನು ತಡೆಯಲೆಂದು ನಗರಾಡಳಿತ ಹೂಡಿದ ಯೋಜನೆಯೊಂದು, ಗೀಚುತ್ತಿದ್ದ ಹುಡುಗರನ್ನೇ ಜೇನ್ ಗೋಲ್ಡನ್ ಎಂಬ ಕಲಾವಿದೆ ಚಿತ್ರ ಬರೆಯಲು ಕರೆತಂದದ್ದರಿಂದ, ಮುಂದೆ ಭಿತ್ತಿಚಿತ್ರಗಳ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ಆ ಸಂಸ್ಥೆ ಒಮ್ಮೆ ಗ್ರೇಟರ್‌ಫರ್ಡ್ ಜೈಲಿನ ಕೈದಿಗಳನ್ನೂ ಅಪರಾಧಗಳಿಂದ ನೊಂದ ಕುಟುಂಬದವರನ್ನೂ ಸೇರಿಸಿ ಗಾಯ ಮಾಯುವ ಬಗೆಗಿನ ಚಿತ್ರಕ್ಕೆ ಕೈಹಾಕಿತು. ಶಿಕ್ಷೆ, ಪಶ್ಚಾತ್ತಾಪ, ಕ್ಷಮೆ ಯಾವುದರಲ್ಲೂ ಎರಡೂ ಕಡೆಯವರ ಮಾತು ಕೂಡಲಿಲ್ಲ. ಎಲ್ಲರೂ ಅರ್ಧಂಬರ್ಧ ಒಪ್ಪುವ ಒಂದು ಚಿತ್ರವನ್ನು ಬರೆದು ಮುಗಿಸಬಹುದಿತ್ತು. ಹಾಗಾಗಲಿಲ್ಲ; ನೊಂದವರು ನಡೆದ ದಾರಿಯದೊಂದು, ಕೈದಿಗಳು ನಡೆದ ದಾರಿಯದೊಂದು, ಹೀಗೆ ಎರಡು ಚಿತ್ರಗಳು ನಿಂತವು. ನಿಮ್ಮದು ಉದ್ದನೆಯ ಗೋಡೆ. ಎರಡು ನೆನಪುಗಳು ಅಕ್ಕಪಕ್ಕ ನಿಲ್ಲಲು ಅಲ್ಲಿ ಜಾಗವಿದೆ.

ಆದರೆ ಜಗಳ ತಾನಾಗಿಯೇ ಒಳ್ಳೆಯದನ್ನು ತರುತ್ತದೆ ಎಂದು ನಾನು ಹೇಳುತ್ತಿಲ್ಲ. 1967ರಲ್ಲಿ ಶಿಕಾಗೊ ನಗರದ ದಕ್ಷಿಣ ಭಾಗದಲ್ಲಿ ಕಪ್ಪು ಕಲಾವಿದರು ಹಳೆಯ ಕಟ್ಟಡವೊಂದರ ಗೋಡೆಯ ಮೇಲೆ ತಮ್ಮ ಜನ ಹೆಮ್ಮೆಪಡುವ ನಾಯಕರು, ಸಂಗೀತಗಾರರು, ಬರಹಗಾರರ ಚಿತ್ರಗಳನ್ನು ಬರೆದರು. ‘ವಾಲ್ ಆಫ್ ರೆಸ್ಪೆಕ್ಟ್’ ಎಂದು ಅದಕ್ಕೆ ಹೆಸರು. ಅಮೆರಿಕದ ಸಮುದಾಯ ಭಿತ್ತಿಚಿತ್ರಗಳ ಚಳವಳಿಗೆ ನಾಂದಿ ಹಾಡಿದ ಗೋಡೆಯೆಂದು ಅದನ್ನು ಗೌರವಿಸುತ್ತಾರೆ. ಅದೇ ಗೋಡೆಯ ಒಂದು ಭಾಗವನ್ನು, ಬರೆದ ಸ್ವಲ್ಪ ಕಾಲದಲ್ಲೇ, ಬಳಗದವರೇ ಅಳಿಸಿ ಬೇರೆ ಚಿತ್ರ ಬರೆಸಿದರು. ಆ ಗಾಯ ಬಹುಕಾಲ ಮಾಯಲಿಲ್ಲ. ಬದಲಾಯಿಸುವ ಹಕ್ಕು ಯಾರಿಗೆ, ಯಾರನ್ನು ಕೇಳಿ ಬದಲಾಯಿಸಬೇಕು ಎಂಬುದು ಮೊದಲೇ ತೀರ್ಮಾನವಾಗದಿದ್ದರೆ ಅತ್ಯುತ್ತಮ ಗೋಡೆಗೂ ಇದು ತಪ್ಪಿದ್ದಲ್ಲ.

ಬಾಡಿಗೆಯ ಭಯವನ್ನು ಹಗುರವಾಗಿ ಕಾಣಬೇಡಿ. ಚಿತ್ರಗಳಿಂದ ಹೆಸರಾದ ಬೀದಿಗಳಲ್ಲಿ ಹಳೆಯ ಬಾಡಿಗೆದಾರರು ನೆಲೆ ಕಳೆದುಕೊಂಡ ಉದಾಹರಣೆಗಳು ಇವೆ. ಒಂದು ಗೋಡೆಯ ಚಿತ್ರದಿಂದಲೇ ಬಾಡಿಗೆ ಏರಿಬಿಡುತ್ತದೆ ಎಂದಲ್ಲ. ಚಿತ್ರವನ್ನು ಯಾರಿಗಾಗಿ ಬರೆಯುತ್ತೀರಿ ಎಂಬ ಪ್ರಶ್ನೆ ಆ ಭಯದೊಳಗಿದೆ. ಭಯಪಟ್ಟ ಆ ವ್ಯಕ್ತಿಯನ್ನು ವಿನ್ಯಾಸದ ಸಮಿತಿಗೇ ಸೇರಿಸಿಕೊಳ್ಳಿ.

ಇನ್ನು ಗೋಡೆ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಏಕೆಂದರೆ ಆದರ್ಶದ ಮಾತುಗಳಲ್ಲಿ ಗಿಲಾವಿನ ಮಾತು ಮರೆತುಹೋಗುತ್ತದೆ. ಎರಡನೆಯ ಮಳೆಗಾಲಕ್ಕೇ ಬಣ್ಣ ಎದ್ದಿತೆಂದರೆ ತಪ್ಪು ಬಣ್ಣದ್ದಾಗಿರುವ ಸಂಭವ ಕಡಿಮೆ. ಗೋಡೆಯೊಳಗೆ ನೀರಿದೆ. ತಲೆಯ ಮೇಲೆ ಹೊದಿಕೆಯಿಲ್ಲದ ಕಾಂಪೌಂಡ್ ಗೋಡೆ ಮೇಲಿನಿಂದ ನೀರು ಕುಡಿಯುತ್ತದೆ. ತಳದಲ್ಲಿ ತೇವ ತಡೆಯುವ ಪದರವಿಲ್ಲದಿದ್ದರೆ ನೆಲದಿಂದಲೂ ಹೀರುತ್ತದೆ. ಆ ನೀರು ಹೊರಬರುವಾಗ ಇಟ್ಟಿಗೆ, ಸಿಮೆಂಟುಗಳಲ್ಲಿನ ಲವಣಗಳನ್ನೂ ಎಳೆದು ತರುತ್ತದೆ. ಗೋಡೆಯ ಮೇಲೆ ಬಿಳಿ ಪುಡಿಯಂತೆ ಕಾಣುವುದು ಅದೇ. ಅದು ಬಣ್ಣದ ಪದರವನ್ನು ಒಳಗಿನಿಂದ ತಳ್ಳಿ ಎಬ್ಬಿಸುತ್ತದೆ. ಮೊದಲು ನೀರಿನ ದಾರಿ ಮುಚ್ಚಿಸಿ, ಗೋಡೆ ಪೂರ್ತಿ ಒಣಗಲು ಬಿಡಿ.

ಮತ್ತೊಂದು ಸಂಗತಿ. ಹಳೆಯ ಸುಣ್ಣದ ಮೇಲೆ ನೇರವಾಗಿ ಎಮಲ್ಷನ್ ಹೊಡೆದರೆ ಸುಣ್ಣ ಪುಡಿಯಾದಲ್ಲೆಲ್ಲ ಬಣ್ಣವೂ ಕಳಚುತ್ತದೆ. ಗೋಡೆಯನ್ನು ಅಂಗೈಯಿಂದ ಉಜ್ಜಿ ನೋಡಿ. ಕೈ ಬೆಳ್ಳಗಾದರೆ ಅದನ್ನು ಕೆರೆದು ತೆಗೆಯಲೇಬೇಕು. ಹೊಸ ಗಿಲಾವು ಮಾಡಿಸಿದರೆ ಕನಿಷ್ಠ ನಾಲ್ಕು ವಾರ ಕಾದು, ಕ್ಷಾರ ತಡೆಯುವ ಪ್ರೈಮರ್ ಹೊಡೆದ ಮೇಲೆಯೇ ಹೊರಗೋಡೆಯ ಅಕ್ರಿಲಿಕ್ ಬಣ್ಣ ಹಚ್ಚಬೇಕು. ಬಿಸಿಲಿಗೆ ಕಾದ ಗೋಡೆಗೆ ಬಣ್ಣ ಹಚ್ಚಿದರೆ ಅದು ಹಿಡಿಯುವ ಮೊದಲೇ ಒಣಗುತ್ತದೆ. ಸ್ವಯಂಸೇವಕರ ದಿನ ಬಣ್ಣ ಸಾಲದೆ ಬಂದಾಗ ನೀರು ಬೆರೆಸಿ ಹಿಗ್ಗಿಸುವುದುಂಟು. ಹಾಗೆ ತೆಳುವಾದ ಬಣ್ಣದಲ್ಲಿ ಗೋಡೆ ಹಿಡಿಯುವ ಅಂಟೇ ಉಳಿದಿರುವುದಿಲ್ಲ. ನೇರ ಬಿಸಿಲು ಬೀಳುವ ಗೋಡೆಯಲ್ಲಿ ಕಣ್ಣು ಕುಕ್ಕುವ ಕೆಂಪು, ಹಳದಿ, ಗುಲಾಬಿಗಳು ಬೇಗ ಮಂಕಾಗುತ್ತವೆ. ಕಾವಿ ಮತ್ತು ಮಣ್ಣಿನ ಬಣ್ಣಗಳಲ್ಲಿರುವ ಕಬ್ಬಿಣದ ಆಕ್ಸೈಡುಗಳು ದೀರ್ಘಕಾಲ ಬಾಳುತ್ತವೆ.

ಕೆಲಸದ ರೀತಿಯಲ್ಲೂ ಒಂದು ಬದಲಾವಣೆ ಸೂಚಿಸುತ್ತೇನೆ. ಫಿಲಡೆಲ್ಫಿಯಾದವರು ಹೆಚ್ಚಾಗಿ ಬಳಸುವ ಕ್ರಮ ಇದು: ನೇಯದೆ ಅಂಟಿಸಿ ಮಾಡಿದ ತೆಳು ಬಟ್ಟೆಯ ತುಂಡುಗಳ ಮೇಲೆ ಒಳಾಂಗಣದಲ್ಲಿ ಚಿತ್ರ ಬರೆದು, ಆಮೇಲೆ ಅಕ್ರಿಲಿಕ್ ಅಂಟಿನಿಂದ ಗೋಡೆಗೆ ಹಚ್ಚುತ್ತಾರೆ. ಜೈಲಿನೊಳಗಿದ್ದವರು ಹೊರಗಿನ ಗೋಡೆಗೆ ಚಿತ್ರ ಬರೆಯಲು ಸಾಧ್ಯವಾದದ್ದೂ ಈ ಬಟ್ಟೆಯಿಂದಲೇ. ನಿಮ್ಮ ಬಡಾವಣೆಯಲ್ಲಿ ಏಣಿ ಹತ್ತಲಾರದವರು, ಬಿಸಿಲಿನಲ್ಲಿ ನಿಲ್ಲಲಾರದವರು, ಗಾಲಿಕುರ್ಚಿಯಲ್ಲಿರುವವರು, ಕೈಗೂಸಿರುವ ತಾಯಂದಿರು ಕಳೆದ ಸಲ ದೂರದಿಂದಲೇ ನೋಡಿರುತ್ತಾರೆ. ಮೇಜಿನ ಮೇಲೆ ಹಾಸಿದ ಬಟ್ಟೆಯ ಮುಂದೆ ಅವರೆಲ್ಲ ಕೂರಬಹುದು, ಎರಡು ದಿನದ ಗದ್ದಲದ ಬದಲು ಎರಡು ತಿಂಗಳ ಸಂಜೆಗಳಲ್ಲಿ. ಇಲ್ಲೂ ಸಂಖ್ಯೆಗಳಿರುತ್ತವೆ, ಬಣ್ಣ ತುಂಬುವುದಿರುತ್ತದೆ. ಆದರೆ ತುಂಬುವವರಿಗೆ ಅದು ಯಾರ ಮುಖ, ಯಾರು ಹೇಳಿದ ಕಥೆ ಎಂದು ಗೊತ್ತಿರುತ್ತದೆ.

ಒಪ್ಪಂದವನ್ನು ಕಾಗದದ ಮೇಲೆ ಬರೆಯಿರಿ. ಗೋಡೆ ಎಷ್ಟು ವರ್ಷಕ್ಕೆ, ತೊಳೆಯುವವರು ಯಾರು, ದುರಸ್ತಿಗೆ ತೆಗೆದಿಟ್ಟ ಹಣ ಯಾರ ಬಳಿ, ಅಳಿಸುವ ಮೊದಲು ಯಾರಿಗೆ ಎಷ್ಟು ದಿನ ಮುಂಚೆ ತಿಳಿಸಬೇಕು. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರ್‌ನಾಥ್ ಸೆಹಗಲ್ ಅವರ ಬೃಹತ್ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಅವರನ್ನು ಕೇಳದೆಯೇ ಕಿತ್ತು ಉಗ್ರಾಣಕ್ಕೆ ಹಾಕಿದ್ದರು. ಕೃತಿ ಸರ್ಕಾರದ ಸ್ವತ್ತೇ ಆಗಿದ್ದರೂ ಅದನ್ನು ಹಾಳುಮಾಡದಂತೆ ಕೇಳುವ ನೈತಿಕ ಹಕ್ಕು ಕಲಾವಿದರಿಗಿದೆ ಎಂದು ದೆಹಲಿ ಹೈಕೋರ್ಟ್ 2005ರಲ್ಲಿ ಹೇಳಿತು. ನ್ಯೂಯಾರ್ಕಿನ ‘5 ಪಾಯಿಂಟ್ಸ್’ ಎಂಬ ಕಟ್ಟಡದ ಚಿತ್ರಗಳಿಗೆ ಮಾಲೀಕರು 2013ರಲ್ಲಿ ರಾತ್ರೋರಾತ್ರಿ ಬಿಳಿ ಬಳಿಸಿದಾಗ, 2018ರಲ್ಲಿ ನ್ಯಾಯಾಲಯ 21 ಕಲಾವಿದರಿಗೆ ಪರಿಹಾರ ಕೊಡಿಸಿತು. ಬಡಾವಣೆಯ ಗೋಡೆಯನ್ನು ನ್ಯಾಯಾಲಯದವರೆಗೆ ಒಯ್ಯುವುದು ಯಾರಿಗೂ ಬೇಡ; ಅದಕ್ಕೇ ಎರಡು ಪುಟದ ಕಾಗದ ಬೇಕು. ನಿಮ್ಮಲ್ಲಿನ ಕಾನೂನು ಏನು ಹೇಳುತ್ತದೆಂದು ವಕೀಲರೊಬ್ಬರನ್ನು ಕೇಳಿಯೇ ಅದನ್ನು ಬರೆಸಿ.

ಕೊನೆಗೆ ಆ ಮಾಲೀಕರು. ನಿಮ್ಮ ಪತ್ರದಲ್ಲಿ ಅವರು ಚಿತ್ರ ಅಳಿಸಿದವರಾಗಿ ಮಾತ್ರ ಬರುತ್ತಾರೆ. ಹಕ್ಕಳೆ ಎದ್ದ ಗೋಡೆಯನ್ನು ದಿನವೂ ಬಾಗಿಲು ತೆರೆದೊಡನೆ ನೋಡಿದವರೂ ಅವರೇ. ಮೂರು ವರ್ಷದ ಹಿಂದೆ ಗೋಡೆ ಕೊಡುತ್ತೀರಾ ಎಂದು ಅವರನ್ನು ಕೇಳಿದ್ದಿರಬಹುದು. ಅದರ ಮೇಲೆ ಏನಿರಬೇಕೆಂದು ಕೇಳಿದ್ದಿರಾ? ಸಮಿತಿ, ಕಲಾವಿದರು, ಬಣ್ಣ ಯಾವುದಕ್ಕೂ ಮೊದಲು ನೀವೊಬ್ಬರೇ ಅವರ ಮನೆಗೆ ಹೋಗಿ. ಮನವಿ ಪತ್ರ ಒಯ್ಯಬೇಡಿ. ಆ ಗೋಡೆ ಕಟ್ಟಿಸಿದ್ದು ಯಾವಾಗ, ಅದಕ್ಕೂ ಮೊದಲು ಅಲ್ಲಿ ಏನಿತ್ತು ಎಂದು ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ಗೋಡೆಗೆ ನೀರು ಎಲ್ಲಿಂದ ಇಳಿಯುತ್ತದೆಂಬುದೂ ಬಹುಶಃ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಅವರು ಏನೆಂದರೆಂದು ನಮಗೂ ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ